ಒಂಟಿ ಸೀನು, ಜೋಡಿ ಸ್ಪೀಕರು

ಜಾನಕೀಬಾಯಿಯವರ ಒಗ್ಗರಣೆಯ ಘಾಟು ಮೆಟ್ಟಿಲು ಹತ್ತುವ ಹೊತ್ತಿಗೇ ನಂದನ ಮೆಟ್ಟಿಲು ಇಳಿಯುತ್ತಿದ್ದ. ಹೊಸ್ತಿಲು ದಾಟುವಾಗ ಒಂದು ಸೀನು ಬಂತು. ಒಂದೇ ಒಂದು. ಇನ್ನೊಂದು ಬಂದೀತೆಂದು ಮೂಗು ಮೇಲೆತ್ತಿ ಕಾದ, ಬರಲಿಲ್ಲ.

"ಒಂಟಿ ಸೀನು. ಹಂಗ ಹೋಗಬ್ಯಾಡ, ಕೂಡು, ನೀರು ಕುಡದು ಹೋಗು," ಎಂದರು ಜಾನಕೀಬಾಯಿ. ಮನೆಯೊಡತಿಯ ಮಾತು. ಶಕುನ ನಂಬದವರು ಬಾಡಿಗೆ ಮನೆಯಲ್ಲಿರಬಾರದು. ನಂದನ ಕೊರಳಲ್ಲಿದ್ದ ಹೆಡ್‌ಫೋನನ್ನು ಕುರ್ಚಿಯ ಮೇಲಿಟ್ಟ, ತಂಬಿಗೆ ಇಸಿದುಕೊಂಡ, ಅದೇ ಕುರ್ಚಿಯ ಮೇಲೆ ಕೂತ. ಕೆಳಗೆ ಲಟಕ್ ಎಂದಿತು.

ಹೆಡ್‌ಫೋನು ಎರಡು ತುಂಡು. ಇನ್ನೊಬ್ಬರಿಗಾದರೆ ಅದು ಬರೀ ಹೆಡ್‌ಫೋನು. ನಂದನನಿಗೆ ಅದೇ ಅನ್ನ. ಊರೂರಿಗೆ ಹೋಗಿ ಹಾಡು ರೆಕಾರ್ಡ್ ಮಾಡಿ, ದಾರಿಯಲ್ಲೇ ಲ್ಯಾಪ್‌ಟಾಪ್ ತೆರೆದು ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಕೊಡುವುದು ಅವನ ಕಸುಬು. ಮನೆಯಲ್ಲಿದ್ದ ದೊಡ್ಡ ಸ್ಪೀಕರುಗಳು ಜಾನಕೀಬಾಯಿಯವರ ಉಪ್ಪಿನಕಾಯಿ ಭರಣಿಗಳನ್ನು ಕುಣಿಸಿದ ಅಪರಾಧಕ್ಕೆ ಮಂಚದ ಕೆಳಗೆ ಸೆರೆಯಾಗಿದ್ದವು.

ಅವತ್ತೇ ಸಂಜೆ ಐದಕ್ಕೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಸೋಮಣ್ಣನಿಗೆ ಹಾಡು ಮುಟ್ಟಿಸಬೇಕಿತ್ತು. ಅವನ ಖಾರಪುಡಿಯ ಜಾಹೀರಾತಿನ ಹಾಡು. ಗೋದಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸುವ ಕರೆವ್ವ, ಮೆಣಸಿನಕಾಯಿಯನ್ನು ಕೆಂಪು ಸೀರೆಯ ಸೊಸೆ ಮಾಡಿ ಅಲ್ಲೇ ಕೂತು ಸೊಗಸಾಗಿ ಹಾಡಿದ್ದಳು. ನಂದನ ಕಳಿಸಿದ್ದ ಕಚ್ಚಾ ಪ್ರತಿಯನ್ನು ಸೋಮಣ್ಣ ಫೋನಿನಲ್ಲಿ ಕೇಳಿ, "ಕರೆವ್ವನ ಧ್ವನಿ ಒಂದೀಟು ಮ್ಯಾಲ ಬರಲಿ. ಉಳಿದದ್ದು ಹೆಂಗೈತಿ ಹಂಗ ಇರಲಿ," ಎಂದಿದ್ದ. ಹಾಡು ಗೆದ್ದರೆ ಮಾರುಕಟ್ಟೆ ಯಾರ್ಡಿನ ಉಳಿದ ವ್ಯಾಪಾರಿಗಳ ಕೆಲಸವೂ ನಂದನನದೇ. ಸೋತರೆ ಅದು ಹುಬ್ಬಳ್ಳಿಯ ಸ್ಟುಡಿಯೊ ಪಾಲು. ಇವನಿಗೆ ಮತ್ತೆ ಮದುವೆ ವಿಡಿಯೊಗಳಿಗೆ ಹಾಡು ಅಂಟಿಸುವ ಬಾಳು.

ಹೆಡ್‌ಫೋನಿನ ಸಹವಾಸವೇ ಬೇಡ, ಚೀಲದಲ್ಲಿ ಹಿಡಿಯುವ ಜೋಡಿ ಸ್ಪೀಕರನ್ನೇ ಕೊಳ್ಳುತ್ತೇನೆ ಎಂದು ನಂದನ ನಿರ್ಧರಿಸಿದ. ಯಂತ್ರ ಕೊಳ್ಳುವಾಗ ಹಿರಿಯರೊಬ್ಬರು ಜೊತೆಗಿರಬೇಕೆಂದು ಜಾನಕೀಬಾಯಿಯವರ ಯಜಮಾನರು ಅಣ್ಣಾಜಿ ಟೋಪಿ ಹಾಕಿಕೊಂಡರು. ಇಬ್ಬರೂ ರಾಣೆಬೆನ್ನೂರಿನ ಬಸ್ಸು ಹತ್ತಿದರು.

ಬಸ್ ನಿಲ್ದಾಣದ ಹತ್ತಿರದ ಕೈಸರನ ಅಂಗಡಿಯಲ್ಲಿ ಸ್ಪೀಕರುಗಳು ಬಣ್ಣಬಣ್ಣದ ದೀಪ ಹೊತ್ತಿಸಿಕೊಂಡು ಕೂತಿದ್ದವು. ಕೈಸರ ಒಂದನ್ನು ಹಚ್ಚಿದ. ಗಾಜಿನ ಕಪಾಟು ನಡುಗಿತು, ಆಟೋದವರು ಆಟೋ ಬಿಟ್ಟು ಒಳಗೆ ಬಂದರು. ನಂದನ ತನ್ನ ಹಾಡು ಹಾಕಿದರೆ ಕರೆವ್ವ ಬಾವಿಯೊಳಗಿಂದ ಹಾಡಿದಂತೆ ಕೇಳಿಸಿತು. ಬಂದವರೆಲ್ಲ ಇದೇ ಛಲೋ ಎಂದರು. ನಂದನ ತಲೆ ಅಲ್ಲಾಡಿಸಿದ. ಇನ್ನೊಂದರಲ್ಲಿ ತಂತಿ ಸಿಕ್ಕಿಸಲು ತೂತೇ ಇರಲಿಲ್ಲ, ಗಾಳಿಯಲ್ಲಿ ಬರುವ ಸದ್ದು ಅರೆಗಳಿಗೆ ತಡವಾಗುತ್ತಿತ್ತು. ಮತ್ತೊಂದರಲ್ಲಿ ಎಡ ಬಲವೆಲ್ಲ ಒಂದೇ ಡಬ್ಬಿಯೊಳಗೆ ಕಲಸಿಹೋಗಿತ್ತು. ಅಣ್ಣಾಜಿ ಪ್ರತಿಯೊಂದನ್ನೂ ತೆಂಗಿನಕಾಯಿಯಂತೆ ಬೆರಳಿನಿಂದ ಬಡಿದು, ಕಿವಿಗೆ ಹಿಡಿದು, "ಇದು ಬಲತದ, ತಗೋ," ಎನ್ನುತ್ತಿದ್ದರು. ನಂದನ ಯಾರ ಮಾತಿಗೂ ಬಗ್ಗಲಿಲ್ಲ. ಕಣ್ಣು ಮುಚ್ಚಿದರೆ ಕರೆವ್ವ ಎದುರಿಗೆ, ನಟ್ಟನಡುವೆ ಕೂತು ಹಾಡಬೇಕು. ಅಲ್ಲಿಯವರೆಗೆ ಅಂಗಡಿ ಬಿಡುವುದಿಲ್ಲ ಎಂದ.

ಹನ್ನೊಂದನೆಯದಕ್ಕೆ ಕೈಸರ ಸೋತು, ಅಟ್ಟದಿಂದ ದೂಳು ಹಿಡಿದ ಪೆಟ್ಟಿಗೆ ಇಳಿಸಿದ. ಒಳಗೆ ಚಹಾಪುಡಿ ಡಬ್ಬಿಯಷ್ಟರ ಎರಡು ಕರಿ ಸ್ಪೀಕರು.

"ಇವು ಬ್ಯಾಡ್ರಿ," ಎಂದ ಕೈಸರ. "ಇದರಾಗ ಎಂಥಾ ಹಾಡು ಹಾಕಿದ್ರೂ ಅದರ ಹುಳುಕೆಲ್ಲಾ ಕೇಳಸ್ತೈತಿ. ಮೂರು ಮಂದಿ ವಾಪಸ ತಂದು ಕೊಟ್ಟಾರ."

"ಹಂಗಾರ ನನಗ ಅವ ಬೇಕು," ಎಂದ ನಂದನ.

ಬ್ಯಾಡಗಿಗೆ ಹೋಗುವ ರೈಲು ಬರುವ ತನಕ ರೈಲು ನಿಲ್ದಾಣದ ಬೆಂಚಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರಿಟ್ಟು ಹಾಡು ಹಾಕಿದ. ಕರೆವ್ವ ನಟ್ಟನಡುವೆ ಬಂದು ಕೂತಳು. ನಂದನನ ಕಣ್ಣಲ್ಲಿ ನೀರಾಡಿತು. ಅಷ್ಟರಲ್ಲಿ, ಸೊಸೆ ಹೊಸ್ತಿಲು ದಾಟುವ ಸಾಲಿನ ಹಿಂದೆಯೇ, ಆಕ್ಷೀ ಎಂದು ಸ್ಪಷ್ಟವಾಗಿ ಒಂದು ಸೀನು.

ನಂದನನ ಜೀವ ಹಾರಿತು. ಗುಂಯ್‌ಗುಡುವ ಹಳೆಯ ಹೆಡ್‌ಫೋನು ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿ ಹಾಕಿಕೊಂಡಿತ್ತು. ವ್ಯಾಪಾರಸ್ಥನ ಹಾಡಿನಲ್ಲಿ ಸೊಸೆ ಮನೆ ತುಂಬುವಾಗ ಒಂಟಿ ಸೀನು! ಕರೆವ್ವನ ಮೂಗನ್ನು ಅವನು ಮನಸಾರೆ ಶಪಿಸಿದ. ಸೀನನ್ನು ಹಾಡಿನಿಂದ ಕಿತ್ತ. ಮತ್ತೆಲ್ಲಾದರೂ ತಲೆ ಹಾಕೀತೆಂದು ಮೂಲ ರೆಕಾರ್ಡಿನಿಂದಲೂ ಅಳಿಸಿದ, ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಬರಿದು ಮಾಡಿದ. ಅಣ್ಣಾಜಿ ಭೇಷ್ ಎಂದರು.

ಐದಕ್ಕೆ ಸರಿಯಾಗಿ ಗೋದಾಮು ಮುಟ್ಟಿದರು. ಸೋಮಣ್ಣ ಕಣ್ಣು ಮುಚ್ಚಿ ಹೊಸ ಸ್ಪೀಕರಿನಲ್ಲಿ ಹಾಡು ಪೂರ್ತಿ ಕೇಳಿದ. ಆಮೇಲೆ ಕಣ್ಣು ತೆರೆದು ಕೇಳಿದ:

"ಸೀನು ಎಲ್ಲಿ ಹೋತು?"

ತೆಗೆದೆನೆಂದು ನಂದನ ಹೆಮ್ಮೆಯಿಂದಲೇ ಹೇಳಿದ. ಸೋಮಣ್ಣ ಹಣೆ ಹಿಡಿದುಕೊಂಡ.

"ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತಿ ಅಂತಾರ ಮಂದಿ. ಆ ಸೀನು ಕೇಳಿದ ಮ್ಯಾಲ ಒಬ್ಬನೂ ಹಂಗ ಅಂದಿಲ್ಲ. ಅದಕ್ಕ ಹೇಳಿದ್ದೆ, ಹೆಂಗೈತಿ ಹಂಗ ಇರಲಿ ಅಂತ. ಹಾಡು ಯಾರರ ಹಾಡ್ತಾರ ತಮ್ಮಾ. ನನಗ ಆ ಸೀನು ಬೇಕು."

ಅವನ ಫೋನಿನಲ್ಲಿದ್ದ ಕಚ್ಚಾ ಪ್ರತಿಯಲ್ಲಿ ಸೀನು ಇತ್ತು, ಆದರೆ ಅದನ್ನು ಬಿಡಿಸುವುದು ಉಪ್ಪಿಟ್ಟಿನಿಂದ ಉಪ್ಪು ಆರಿಸಿದಂತೆ. ನಂದನ ಎದೆಗುಂದಲಿಲ್ಲ. ಮೈಕು ಹೂಡಿ, ಇನ್ನೊಮ್ಮೆ ಸೀನೆಂದು ಕರೆವ್ವನನ್ನು ಬೇಡಿಕೊಂಡ. ಅವಳು ತೊಟ್ಟು ಬಿಡಿಸುತ್ತಲೇ ನಕ್ಕಳು.

"ಮೂವತ್ತು ವರ್ಷಾತು ಈ ಕಾಯಿ ನಡುವ ಕುಂತು. ನನ್ನ ಮೂಗು ಸೀನೂದ ಮರತೈತಿ. ಅವತ್ತು ಸೀನಿದಾಂವ ನೀನ ಅಲ್ಲೇನು?"

ನಂದನ ನೇರ ಹೋಗಿ ಮೆಣಸಿನಕಾಯಿ ಚೀಲದ ಬಾಯಿಗೆ ಮುಖ ಒಡ್ಡಿ ಕೂತ. ಕಣ್ಣು ಉರಿಯಿತು, ಮೂಗು ಸೋರಿತು, ಬಾಯಿ ಎಷ್ಟೋ ಸಲ ತೆರೆಯಿತು. ಸೀನು ಮಾತ್ರ ಬರಲಿಲ್ಲ. ಮೈಕಿಗೆ ಅಡ್ಡವಾದಾವೆಂದು ಅಣ್ಣಾಜಿ ಸ್ಪೀಕರುಗಳನ್ನು ಎತ್ತಿ ಜೋಪಾನವಾಗಿ ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟು, ಮೇಲೆ ತಮ್ಮ ಹೆಗಲ ವಲ್ಲಿ ಹೊದಿಸಿ ಬಂದರು. ಬರುತ್ತಲೇ ಅವರಿಗೊಂದು ಸೀನು ಬಂತು. ಎಲ್ಲರೂ ಸೋಮಣ್ಣನ ಮುಖ ನೋಡಿದರು.

"ಇದು ನೆಗಡಿ ಸೀನ್ರಿ. ಖಾರದ್ದಲ್ಲ," ಎಂದ ಸೋಮಣ್ಣ. ಕಾಯಿ ಮುರಿದು ಮೂಸಿ ದರ ಹೇಳುವವನಿಗೆ ಸೀನಿನ ಜಾತಿ ತಿಳಿಯದೇ?

ಆರಾಯಿತು. ಸೋಮಣ್ಣ ಹುಬ್ಬಳ್ಳಿಯ ಸ್ಟುಡಿಯೊಗೆ ಫೋನು ಹಚ್ಚಿದ; ಅವರಲ್ಲಿ ತರಾವರಿ ಸೀನುಗಳು ತಯಾರು ಇದ್ದುವಂತೆ. ನಂದನ ಮೈಕು ಬಿಚ್ಚಿದ, ತಂತಿ ಸುತ್ತಿದ, ಚೀಲಕ್ಕೆ ಹಾಕಿ ಗುಂಡಿ ಬಿಗಿದ. ಬಾಗಿಲಿಗೆ ಬಂದು ಹೊಸ್ತಿಲಾಚೆ ಕಾಲಿಟ್ಟ.

ಆಗ ಬಂತು. ತಗಡು ಝಣಗುಟ್ಟುವಂಥ, ಅಪ್ಪಟ ಖಾರದ ಸೀನು. ಒಂದೇ ಒಂದು.

"ಅದ ನೋಡು, ಅದ ಸೀನು," ಎಂದ ಸೋಮಣ್ಣ, ಫೋನು ಕೈಯಲ್ಲೇ ಹಿಡಿದು. ನಂದನ ಹೆಗಲ ಚೀಲದ ಕಡೆ ನೋಡಿದ. ಇನ್ನೊಂದಕ್ಕಾಗಿ ಎಲ್ಲರೂ ಉಸಿರು ಹಿಡಿದು ಕಾದರು, ಬರಲಿಲ್ಲ.

ಸೋಮಣ್ಣ ನಿಟ್ಟುಸಿರಿಟ್ಟ. "ಒಂಟಿ ಸೀನು ತಮ್ಮಾ. ಹಂಗ ಹೋಗಬ್ಯಾಡ. ಕುಂದ್ರು, ನೀರು ಕುಡಿ."

ನಂದನ ಬಾಗಿಲ ಬಳಿಯ ಕುರ್ಚಿಯ ಮೇಲೆ ದೊಪ್ಪನೆ ಕೂತ.

ಈ ಸಲ ಲಟಕ್ ಎಂದದ್ದು ಎರಡು ಬಾರಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ.