ಬೆಲ್ಲ ಸವರಿದ ಬೋಳುತಲೆ

ತಲೆಗೂದಲಿಗೂ ಬೆಳೆವಿಮೆ ಇದ್ದಿದ್ದರೆ ನಮ್ಮ ಕಾಕಾ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತು ಅರ್ಜಿ ಕೊಡುತ್ತಿದ್ದ. ನಗಬೇಡಿ! ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವನು ಅವನು. ಜಗತ್ತಿನಲ್ಲಿ ಅವನಿಗೆ ಕಾಣುವುದು ಎರಡೇ: ಮೊಳಕೆ ಒಡೆಯುವಂಥದ್ದು, ಒಡೆಯದಂಥದ್ದು. ಅವನ ತಲೆ ಮಾತ್ರ ಎರಡನೆಯ ಪಂಗಡಕ್ಕೆ ಸೇರಿಬಿಟ್ಟಿತ್ತು. ಮುಂದೆಲ್ಲ ಪೂರ್ತಿ ಬರಡು, ಹಿಂದೆ ಬದುವಿನ ಗುಂಟ ಒಂದಿಷ್ಟು ಹುಲ್ಲು.

“ಬೀಜ ಮಾರಾಂವನ ತಲೀನ ಹಿಂಗಿದ್ರ ಗಿರಾಕಿ ಏನ್ ತಿಳಕೋಬೇಕೋ?” ಎನ್ನುವುದು ಅವನ ವಾದ.

ಹೀಗಾಗಿ ಒಂದು ದಿನ ಔಷಧಿ ಅಂಗಡಿಯಿಂದ ಕೂದಲು ಬೆಳೆಸುವ ದ್ರಾವಣದ ಬಾಟಲಿ ಬ್ಯಾಡಗಿಯ ನಮ್ಮ ಮನೆಗೆ ಬಂತು. ಅಂಗಡಿಯಲ್ಲಿ ಕೀಟನಾಶಕ ಕೊಳ್ಳುವ ರೈತರ ಮೇಲೆ “ಲೇಬಲ್ ಓದ್ರಿ! ಒಂದು ಮುಚ್ಚಳ ಅಂದ್ರ ಒಂದ ಮುಚ್ಚಳ!” ಎಂದು ಗಂಟಲು ಹರಿದುಕೊಳ್ಳುವ ಕಾಕಾ, ತನ್ನ ತಲೆಗೆ ಹೇಳಿದ್ದರ ಎರಡು ಪಟ್ಟು ಸುರಿದುಕೊಳ್ಳುತ್ತಿದ್ದ.

“ಕಾಕಾ, ರೈತರಿಗೆ ಬ್ಯಾರೆ ಹೇಳ್ತೀಯಲ್ಲ?” ಎಂದೆ.

“ಅದು ಮಂದಿ ಹೊಲ. ಇದು ನನ್ನ ಸ್ವಂತ ಜಮೀನು!”

ಆದರೆ ಬೇಸಿಗೆ ಬಂದದ್ದೇ ಸ್ವಂತ ಜಮೀನಿನಲ್ಲಿ ಬೆವರಿನ ಪ್ರವಾಹ. ಹಚ್ಚಿದ್ದೆಲ್ಲ ಕೊರಳಿಗೆ ಹರಿದು ಬರುತ್ತಿತ್ತು. ಇಂಥ ಸಂಕಟಕ್ಕೆ ನೀವು, ನಾನು ಫ್ಯಾನ್ ಹಾಕಿಕೊಂಡು ಕೂಡುತ್ತೇವೆ. ಕಾಕಾ ಬೀಜೋಪಚಾರಕ್ಕೆ ಇಳಿದ! ಬಿತ್ತುವ ಮುಂಚೆ ಶೇಂಗಾ, ತೊಗರಿ ಬೀಜಕ್ಕೆ ಜೀವಾಣು ಗೊಬ್ಬರದ ಪುಡಿ ಅಂಟಲಿ ಎಂದು ಬೆಲ್ಲದ ನೀರು ಬೆರೆಸುತ್ತಾರಲ್ಲ, ಅದೇ ಲೆಕ್ಕ. ಬೆಲ್ಲ ಕುದಿಸಿ, ಆರಿಸಿ, ಔಷಧಿ ಕಲಸಿ, ತಲೆಗೆ ದಪ್ಪಗೆ ಲೇಪಿಸಿಕೊಂಡ. ಅಂಟಿತು. ಅಂಟದೆ ಏನು ಮಾಡೀತು?

“ಇದು ತಲ್ಯೋ, ಹೋಳಿಗಿ ಹೂರಣೋ?” ಎಂದಳು ಅವನ ಹೆಂಡತಿ, ನಮ್ಮ ಕಾಕು.

ಮೊದಲ ಫಲ ಕಂಡದ್ದು ಒಂದು ಮಧ್ಯಾಹ್ನ. ಕಾಕಾ ಉಂಡು ಮಲಗಿದ್ದ. ಕಾಕು ಇಣುಕಿ ನೋಡಿ ಕೂಗಿದಳು: “ಏಳ್ರೀ, ಕೂದಲಾ ಬಂದಾವು! ಕರ್ರಗ ಅದಾವು. ಆದ್ರ ಓಡ್ಯಾಡಾಕತ್ತಾವು!”

ಗೋಡೆಯಿಂದ ದಿಂಬಿಗೆ, ದಿಂಬಿನಿಂದ ನೆತ್ತಿಗೆ ಇರುವೆಗಳ ಸಾಲು!

ಅಂಗಡಿಯಲ್ಲಿ ನೊಣಗಳದ್ದೂ ಅದೇ ಕಥೆ. “ಸಾಹುಕಾರ್ರ, ತಲಿಗೆ ಏನೋ ಮುತ್ತಾಕತ್ತಾವಲ್ರಿ” ಎಂದು ಒಬ್ಬ ರೈತ ಕನಿಕರದಿಂದ ಕೇಳಿದರೆ, ಕಾಕಾ ಬಿಲ್ ಬರೆಯುತ್ತಲೇ, “ಪರಾಗಸ್ಪರ್ಶ ನಡದೈತಿ, ನೀ ಸುಮ್ನಿರು” ಎಂದನಂತೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ನಗೆಯ ಕಥೆಯಾಗಿ ಉಳಿಯುತ್ತಿತ್ತು.

ಆಗ ಕಾಕಾನ ಮಗಳು ತವರಿಗೆ ಬಂದಿದ್ದಳು, ಆಗಷ್ಟೇ ಹೆಜ್ಜೆ ಹಾಕಲು ಕಲಿತಿದ್ದ ಕೂಸನ್ನು ಕರೆದುಕೊಂಡು. ಆ ಕೂಸಿಗೆ ನೆಲ ಎಂದರೆ ಆಗದು, ಪ್ರತಿ ಸಲ ಬಂದಾಗಲೂ ಅಜ್ಜನ ಹೆಗಲೇ ಆಗಬೇಕು. ಒಂದು ರವಿವಾರ ಬೆಳಿಗ್ಗೆ ಕಾಕಾ ಅದನ್ನು ಹೊತ್ತು ಅಂಗಳದಲ್ಲಿ ಸುತ್ತು ಹಾಕುತ್ತಿದ್ದ. ಕೂಸು ಅವನ ನೆತ್ತಿಗೆ ಬಾಯಿ ಇಟ್ಟಿತ್ತು. “ನೋಡ್ರಿ, ಅಜ್ಜಗ ಹೆಂಗ ಮುದ್ದು ಕೊಡಾಕತ್ತೈತಿ!” ಎಂದು ಕಾಕು ಹಿಗ್ಗಿದಳು. ನಾವೆಲ್ಲ ಹಿಗ್ಗಿದೆವು. ಅದು ಮುದ್ದಲ್ಲ. ಕೂಸು ಬೆಲ್ಲ ನೆಕ್ಕುತ್ತಿತ್ತು!

ಸ್ವಲ್ಪ ಹೊತ್ತಿಗೆ ಅದರ ಕತ್ತು ವಾಲಿತು. ಕೆಳಗಿಳಿಸಿದರೆ ನಿಲ್ಲಲಿಲ್ಲ. ಮುಖ ಬಿಳುಚಿತ್ತು, ಹಣೆಯಲ್ಲಿ ತಣ್ಣನೆ ಬೆವರು. ಅಂಗೈಯಲ್ಲಿ ಹಿಡಿದ ಗುಬ್ಬಿಯ ಹಾಗೆ ಎದೆ ಡವಗುಟ್ಟುತ್ತಿತ್ತು.

ಕಾಕು ದೃಷ್ಟಿಯಾಗಿದೆ ಎಂದು ತೀರ್ಮಾನಿಸಿ, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಏಳದಿದ್ದರೆ ದೃಷ್ಟಿ ಖರೇ ಎಂಬುದು ನಂಬಿಕೆ. ಬಣ್ಣಕ್ಕೆ ಹೆಸರಾದ, ಖಾರಕ್ಕಲ್ಲದ ಬ್ಯಾಡಗಿ ಮೆಣಸಿನಕಾಯಿಗೆ ಘಾಟು ಎಲ್ಲಿಂದ ಏಳಬೇಕು? ನಮ್ಮೂರಲ್ಲಿ ಯಾವ ಕೂಸಿಗೆ ತಾನೇ ದೃಷ್ಟಿಯಾಗಿಲ್ಲ!

ಅಷ್ಟರಲ್ಲಿ ಕೂಸಿನ ಗದ್ದದ ಮೇಲಿನ ಕಂದು ಅಂಟು ನನ್ನ ಕಣ್ಣಿಗೆ ಬಿತ್ತು.

“ಕಾಕಾ, ಇವತ್ತ ತಲಿಗೆ ಹಚ್ಚೀಯೇನು?”

ಅವನು ನೆತ್ತಿ ಮುಟ್ಟಿ ನೋಡಿಕೊಂಡ. ಬೆರಳಿಗೆ ಜೊಲ್ಲು ಹತ್ತಿತು. “ಲಗೂ ಗಾಡಿ ತಗಿಯೋ” ಎಂದ.

ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಬಿದ್ದು ಹಾವೇರಿ ಮುಟ್ಟುವವರೆಗೆ ಅವನ ಮಗಳು ಅವನತ್ತ ಕಣ್ಣೆತ್ತಲಿಲ್ಲ. ಮುಂದಿನ ಒಂದೊಂದು ಲಾರಿಯೂ ನನಗೆ ಅಂದು ದಾಟಲಾಗದ ಗುಡ್ಡವಾಗಿತ್ತು. ಈಗಲೂ ಕಣ್ಣು ಮುಚ್ಚಿದರೆ ಅದೇ ಲಾರಿಗಳು.

“ಕೂಸು ಏನ್ ತಿಂದೈತ್ರಿ?” ಎಂದರು ಡಾಕ್ಟರು.

“ನನ್ನ ತಲಿ ನೆಕ್ಕೈತ್ರಿ” ಎಂದ ಕಾಕಾ.

ಡಾಕ್ಟರು ಯಾರನ್ನು ಮೊದಲು ಪರೀಕ್ಷಿಸಬೇಕು ಎಂಬಂತೆ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಹೊರಡುವಾಗ ಕಿಸೆಗೆ ಹಾಕಿಕೊಂಡಿದ್ದ ಬಾಟಲಿಯನ್ನು ಕಾಕಾ ತೆಗೆದಿಟ್ಟ. ಅದನ್ನು ನೋಡಿದ್ದೇ ಅವರ ಮುಖ ಬಿಗಿಯಿತು. “ಇದು ಮೂಲತಃ ಬಿಪಿ ಇಳಸೂ ಔಷಧರಿ. ಕೂಸಿನ ಬಿಪಿ ಬಾಳ ಇಳದೈತಿ. ನೀವು ತಲಿ ತೊಳಕೊಳ್ಳೂತನಕ ಕೂಸನ್ನ ಮುಟ್ಟಬ್ಯಾಡ್ರಿ.”

ಸಲೈನ್ ಹಚ್ಚಿದರು. ಎದೆಯ ಬಡಿತ ತೋರಿಸುವ ಯಂತ್ರ ಕೀ ಕೀ ಎನ್ನತೊಡಗಿತು. ಕಾಕಾ ಹೊರಗಿನ ನಲ್ಲಿಯ ಕೆಳಗೆ ತಲೆ ಕೊಟ್ಟು, ಬಟ್ಟೆ ಸಾಬೂನು ಹಚ್ಚಿ ಉಜ್ಜುತ್ತಲೇ ಇದ್ದ. ನೆತ್ತಿ ಕೆಂಪಗಾದರೂ ಬಿಡಲಿಲ್ಲ. ಸಾಕು ಎಂದು ನಾನೇ ನಲ್ಲಿ ನಿಲ್ಲಿಸಬೇಕಾಯಿತು.

ಸಂಜೆಯಾಗುವ ಹೊತ್ತಿಗೆ ಕೂಸು ಕಣ್ಣು ತೆರೆದು, ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. “ಅಳಲಿ ಬಿಡ್ರಿ. ಇನ್ನ ಅಂಜಿಕಿಲ್ಲ” ಎಂದು ಡಾಕ್ಟರು ನಕ್ಕರು.

ಮಗಳು ಆಗ ಬಾಯಿ ಬಿಟ್ಟಳು. “ಅಪ್ಪಾ, ಈ ವಯಸ್ಸಿನ್ಯಾಗ ಯಾರಿಗೆ ತೋರಸಾಕ ಬೇಕಾಗಿದ್ವು ನಿನಗ ಕೂದಲಾ?”

ಕಾಕಾ ಬಾಗಿಲಾಚೆಯೇ ನಿಂತು ಹೇಳಿದ:

“ಕೂಸು ಹೆಗಲ ಮ್ಯಾಲ ಕುಂತಾಗ ಜಾರತೈತೆವಾ. ಹಿಡಕೊಳ್ಳಾಕ ನನ್ನ ತಲೀಮ್ಯಾಲ ಅದಕ್ಕ ಏನೂ ಸಿಗೂದಿಲ್ಲ.”



ಮರುದಿನ ಮನೆಗೆ ಕಳಿಸಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂಸು ಅಜ್ಜನ ಕಡೆ ಎರಡೂ ಕೈ ಚಾಚಿತು. ಕಾಕಾ ಒಂದು ಹೆಜ್ಜೆ ಹಿಂದೆ ಸರಿದ. ಮಗಳು ಕೂಸನ್ನು ಎತ್ತಿ, ತಾನೇ ಅವನ ಹೆಗಲ ಮೇಲೆ ಕೂಡಿಸಿದಳು. ಅದು ಅತ್ತಿತ್ತ ತಡಕಾಡಿ, ಕೊನೆಗೆ ಅವನ ಎರಡೂ ಕಿವಿಗಳನ್ನು ಭದ್ರವಾಗಿ ಹಿಡಿದುಕೊಂಡಿತು. ಕಾಕಾ ತುಂಬಿದ ಕೊಡ ಹೊತ್ತವನಂತೆ, ಒಂದೊಂದೇ ಮೆಟ್ಟಿಲು ನೋಡಿ ಇಳಿದ.

ಅವರ ಬೆನ್ನಿಗೆ ನಾನು ನಡೆದೆ, ಎರಡೂ ಕೈ ಮುಂದೆ ಒಡ್ಡಿಕೊಂಡು.