ಇಬ್ಬರ ಶಾಲೆಗೆ ಒಂದು ರಜೆ

ಮಾಸ್ಟ್ರು: ಕಾರಣ ಹೋದ ವರ್ಷದ್ದೇ ಬರ್ದಿದ್ದೀರಲ್ಲ ಟೀಚರ್.

ಪ್ರೇಮಾವತಿ: ಹೌದು ಸರ್.

ಮಾಸ್ಟ್ರು: ‘ಗಂಡನ ಮರಣದ ನಿಮಿತ್ತ.’ ಒಂದೇ ಕಾರಣಕ್ಕೆ ಎಷ್ಟು ಸಲ ರಜೆ ಕೊಡುದು?

ಪ್ರೇಮಾವತಿ: ಅವರು ಸತ್ತದ್ದು ಒಂದೇ ಸಲ ಸರ್. ನಾಳೆಗೆ ವರ್ಷ ಆಗ್ತದೆ. ಬಡಿಸ್ಲಿಕ್ಕುಂಟು.

ಮಾಸ್ಟ್ರು: ಅದು ಅರ್ಜಿಯಲ್ಲಿ ಇಲ್ಲ.

ಪ್ರೇಮಾವತಿ: ಬಾಯಲ್ಲಿ ಹೇಳ್ತಾ ಇದ್ದೇನಲ್ಲ.

ಮಾಸ್ಟ್ರು: ಬಾಯಲ್ಲಿ ಹೇಳಿದ್ದನ್ನು ಫೈಲಿಗೆ ಹಾಕ್ಲಿಕ್ಕೆ ಆಗುದಿಲ್ಲ.

ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯ ಕೆಳಗೆ ಒಂದು ಶಾಲೆ. ಒಂದರಿಂದ ಐದರ ತನಕ ಇಪ್ಪತ್ತೆರಡು ಮಕ್ಕಳು. ಕಲಿಸುವವರು ಇಬ್ಬರು: ಮುಖ್ಯೋಪಾಧ್ಯಾಯ ಜಯಪ್ರಕಾಶ್ ಮಾಸ್ಟ್ರು, ಮತ್ತೆ ಪ್ರೇಮಾವತಿ. ಮಾಸ್ಟ್ರಿಗೆ ಯಾವುದಿದ್ದರೂ ಬರಹದಲ್ಲಿ ಬೇಕು. ಹೋದ ಮಳೆಗಾಲದಲ್ಲಿ ಹೆಂಚು ಒಡೆದು ನೀರು ಅವರ ಮೇಜಿನ ಮೇಲೆಯೇ ಬೀಳುತ್ತಿದ್ದಾಗಲೂ, ಅತ್ತ ನೋಡದೆ, ‘ಲಿಖಿತವಾಗಿ ಕೊಡಿ’ ಎಂದಿದ್ದರು. ಕೊಟ್ಟ ಕಾಗದ ಅದೇ ಮೇಜಿನ ಮೇಲೆ ಒದ್ದೆಯಾಗಿ ಹೋಯಿತು. ಆಮೇಲೆ ಇನ್ನೊಂದು ಕೊಡಲು ಹೇಳಿದರು.

ಈ ಶಾಲೆಯ ಆರು ವರ್ಷದಲ್ಲಿ ಪ್ರೇಮಾವತಿಯೂ ಕಲಿತಿದ್ದಳು. ಬ್ಯಾಗಿನಿಂದ ಇನ್ನೊಂದು ಹಾಳೆ ತೆಗೆದಳು. ನಿಂತುಕೊಂಡೇ ಬರೆದಳು.

ಬರೆಯಲಿಕ್ಕೆ ಹೆಚ್ಚೇನೂ ಇರಲಿಲ್ಲ. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ, ಒಳಕೋಣೆಯಲ್ಲಿ ಎಲೆ ಹಾಕಿ, ದೀಪ ಇಟ್ಟು, ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಹಾಕಬೇಕು. ಅವರು ಬಂದು ಉಣ್ಣುತ್ತಾರೆ. ಉಳಿದವರ ಊಟ ಆಮೇಲೆ. ಗಂಡ ಧರ್ಮಪಾಲನಿಗೆ ಬಂಗುಡೆ ಮೀನಿನ ಸಾರಿಗೆ ಬಿಂಬುಳಿಕಾಯಿಯ ಹುಳಿಯೇ ಆಗಬೇಕು, ಹುಣಸೆಹುಳಿ ಹಾಕಿದರೆ ಬಟ್ಟಲು ದೂಡುತ್ತಿದ್ದ. ಅದು ಆಕೆಯನ್ನು ಬಿಟ್ಟರೆ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾಳೆ ತಪ್ಪಿದರೆ ಆಕೆ ಅವನಿಗೆ ಅಡುಗೆ ಮಾಡುವುದು ಇನ್ನು ಮುಂದಿನ ವರ್ಷ.

ಮಾಸ್ಟ್ರು ಹೊಸ ಅರ್ಜಿಯನ್ನು ಎರಡು ಸಲ ಓದಿದರು.

ಮಾಸ್ಟ್ರು: ಈಗ ಕಾರಣ ಸರಿ ಉಂಟು. ರಜೆ ಇಲ್ಲ.

ಪ್ರೇಮಾವತಿ: ಯಾಕೆ ಸರ್?

ಮಾಸ್ಟ್ರು: ಇಬ್ಬರಲ್ಲಿ ಒಬ್ಬರು ಶಾಲೆಯಲ್ಲಿ ಇರ್ಬೇಕು.

ಪ್ರೇಮಾವತಿ: ನೀವಿದ್ದೀರಲ್ಲ.

ಮಾಸ್ಟ್ರು: ನಾನು ನಾಳೆ ರಜೆ.

ಪ್ರೇಮಾವತಿ: ಹುಷಾರಿಲ್ವಾ?

ಮಾಸ್ಟ್ರು: ಹುಷಾರಿಗೆ ಎಂತ ಆಗಿದೆ? ಒಂದು ಕಡೆ ಊಟಕ್ಕೆ ಹೋಗ್ಲಿಕ್ಕುಂಟು.

ಪ್ರೇಮಾವತಿ: ಎಲ್ಲಿಗೆ?

ಮಾಸ್ಟ್ರು ಪೆನ್ನಿನ ಮುಚ್ಚಳ ತೆಗೆದು ಪುನಃ ಹಾಕಿದರು.

ಮಾಸ್ಟ್ರು: ನಿಮ್ಮ ಮನೆಗೆ.

ಪ್ರೇಮಾವತಿ ಕುರ್ಚಿ ಎಳೆದು ಕೂತಳು. ಆ ಕೋಣೆಯಲ್ಲಿ ಆಕೆ ಕೂತದ್ದು ಅದೇ ಮೊದಲು. ಬಾಗಿಲಲ್ಲಿ ರುಕಿಯಾ ಬಂದು ನಿಂತಳು. ಮಕ್ಕಳಿಗೆ ಬಿಸಿಯೂಟ ಮಾಡುವವಳು, ಕೈಯಲ್ಲಿ ಅಕ್ಕಿ ಅಳೆಯುವ ಸೇರು.

ರುಕಿಯಾ: ಮಾಸ್ಟ್ರೇ, ನಾಳೆಗೆ ಎಷ್ಟು ಅಕ್ಕಿ?

ಮಾಸ್ಟ್ರು: ಸ್ವಲ್ಪ ತಡಿ.

ಪ್ರೇಮಾವತಿ: ನಮ್ಮ ಮನೆಗೆ ಬರ್ಲಿಕ್ಕೆ ನಿಮಗೆ ಯಾರು ಹೇಳಿದ್ದು?

ಮಾಸ್ಟ್ರು: ನಿಮ್ಮ ಭಾವ, ಅಚ್ಚುತಣ್ಣ. ಹೋದ ಶನಿವಾರ ಮನೆಗೇ ಬಂದು, ಜಗಲಿಯಲ್ಲಿ ಕೂತು, ನೀರು ಕುಡಿದು ಹೇಳಿದ್ದಾರೆ. ಬರ್ತೇನೆ ಅಂದೆ. ಅವತ್ತೇ ರಜೆ ಬರ್ದೆ. ನಿಮ್ಮ ಅರ್ಜಿ ಬಂದದ್ದು ಸೋಮವಾರ.

ಪ್ರೇಮಾವತಿ: ನಿಮ್ಮ ಅರ್ಜಿ ಯಾರಿಗೆ ಕೊಟ್ರಿ?

ಮಾಸ್ಟ್ರು: ಮುಖ್ಯೋಪಾಧ್ಯಾಯರಿಗೆ.

ಪ್ರೇಮಾವತಿ: ಅದು ನೀವೇ.

ಮಾಸ್ಟ್ರು: ಹೌದು. ಹಾಗಾಗಿ ಬೇಗ ಆಯ್ತು.

ಪ್ರೇಮಾವತಿ: ನನ್ನ ಗಂಡನ ವರ್ಷಕ್ಕೆ ನೀವು ಹೋಗಿ ಊಟ ಮಾಡುದು, ನಾನು ಇಲ್ಲಿ ಮಗ್ಗಿ ಹೇಳಿಸುದು.

ಮಾಸ್ಟ್ರು: ಸತ್ತವರ ಊಟಕ್ಕೆ ಒಪ್ಪಿದ ಮೇಲೆ ಹೋಗದೆ ಕೂರ್ಲಿಕ್ಕೆ ಆಗ್ತದಾ? ನಿಮಗೆ ಊಟಕ್ಕೆ ಯಾರು ಹೇಳಿದ್ದು?

ಪ್ರೇಮಾವತಿ: ನನಗೆ ಯಾರು ಹೇಳುದು ಸರ್? ನಾನು ಹೆಂಡತಿ.

ಮಾಸ್ಟ್ರು: ನೋಡಿ. ನನಗೆ ಊಟದ ಹೇಳಿಕೆ ಉಂಟು. ನಿಮಗೆ ಇಲ್ಲ.

ಪ್ರೇಮಾವತಿ: ಭಾವ ಕಾಗದ ಕೊಟ್ಟಿದ್ದಾರಾ?

ಮಾಸ್ಟ್ರು: ಇಂಥದ್ದಕ್ಕೆ ಯಾರಾದ್ರೂ ಕಾಗದ ಹಂಚ್ತಾರಾ? ಬಾಯಲ್ಲೇ ಹೇಳುದು.

ಪ್ರೇಮಾವತಿ: ಬಾಯಲ್ಲಿ ಹೇಳಿದ್ದನ್ನು ಫೈಲಿಗೆ ಹಾಕ್ಲಿಕ್ಕೆ ಆಗುದಿಲ್ಲ ಅಂದ್ರಿ.

ಮಾಸ್ಟ್ರು: ಅದು ಕಚೇರಿದು. ಇದು ಊಟದ್ದು.

ರುಕಿಯಾ: ಊಟ ಎಷ್ಟು ಜನಕ್ಕೆ ಮಾಸ್ಟ್ರೇ?

ಮಾಸ್ಟ್ರು: ತಡಿ ಮಾರಾಯ್ತಿ.

ಪ್ರೇಮಾವತಿ: ನೆಲ್ಯಾಡಿ ಕಡೆಯ ಶಾಲೆಯಿಂದ ಏಲಿಯಮ್ಮ ಟೀಚರನ್ನು ಒಂದು ದಿವಸಕ್ಕೆ ಕೇಳಿದ್ರೆ?

ಮಾಸ್ಟ್ರು: ಕೇಳಿದೆ. ಅವರಲ್ಲಿಯೂ ಇಬ್ಬರೇ. ಇನ್ನೊಬ್ಬರು ಹೆರಿಗೆಗೆ ಹೋಗಿದ್ದಾರೆ. ಅವರು ನಮ್ಮಿಂದ ಒಬ್ಬರನ್ನು ಕೇಳಿದ್ರು.

ಮಾಸ್ಟ್ರು ತನಗಾಗಿ ಆಗಲೇ ಅಲ್ಲಿಗೆ ಕೇಳಿದ್ದರು ಎಂಬುದು ಪ್ರೇಮಾವತಿಗೆ ಆಗ ಗೊತ್ತಾಯಿತು. ಗೊತ್ತಾದರೂ ನಾಳೆಯ ಬಂಗುಡೆ ಸಾರಿಗೆ ಅದರಿಂದ ಉಪಯೋಗ ಇರಲಿಲ್ಲ.

ಪ್ರೇಮಾವತಿ: ಸರ್, ನೀವು ಬರದಿದ್ರೆ ಭಾವನಿಗೆ ಬೇಸರ ಆಗ್ಲಿಕ್ಕಿಲ್ಲ. ನಾನು ಹೇಳ್ತೇನೆ.

ಮಾಸ್ಟ್ರು: ನನಗೆ ಆಗ್ತದೆ. ಎಂಟು ವರ್ಷ ನಿಮ್ಮ ಗಂಡನ ಜೀಪಲ್ಲಿ ಶಾಲೆಗೆ ಬಂದವ ನಾನು. ಎಷ್ಟು ಮಳೆ ಇದ್ರೂ ಬಸ್ಸಿಂದ ಇಳಿಯುವಾಗ ಧರ್ಮಪಾಲ ಅಲ್ಲಿ ಇರ್ತಿದ್ರು. ಒಂದು ದಿವಸ ತಪ್ಪಿಸ್ಲಿಲ್ಲ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಹೊರಗೆ ನಾಲ್ಕನೆಯ ಕ್ಲಾಸಿನವರು ಒಂದನೆಯವರಿಗೆ ಪಾಠ ಮಾಡುತ್ತಿದ್ದರು. ಮಾಸ್ಟ್ರೂ ಟೀಚರೂ ಒಳಗೆ ಮಾತಾಡುವಾಗ ಅಲ್ಲಿ ಅದೇ ಪದ್ಧತಿ.

ರುಕಿಯಾ: ಮಕ್ಕಳೂ ಆ ಜೀಪಲ್ಲೇ ಬಂದದ್ದು. ಅವ್ರಿಗೆ ಯಾರೂ ಹೇಳ್ಲಿಲ್ವಾ?

ಇಬ್ಬರೂ ಅವಳನ್ನು ನೋಡಿದರು.

ರುಕಿಯಾ: ಟೀಚರ ಮನೆ ಗದ್ದೆ ದಾಟಿದ್ರೆ ಬಂತು. ಎಲ್ಲರೂ ಅಲ್ಲಿಗೇ ಹೋಗಿ. ಮಕ್ಕಳ ಅನ್ನ ನಾನು ಅಲ್ಲೇ ಅಂಗಳದಲ್ಲಿ ಬೇಯಿಸ್ತೇನೆ. ನನಗೆ ಅಕ್ಕಿ ಎಷ್ಟು ಅಂತ ಒಂದು ಗೊತ್ತಾದ್ರೆ ಸಾಕು.

ಮಾಸ್ಟ್ರು: ಶಾಲೆಯನ್ನು ಹೊತ್ಕೊಂಡು ಊಟಕ್ಕೆ ಹೋಗ್ಲಿಕ್ಕೆ ಆಗುದಿಲ್ಲ.

ಹಾಗೆಂದವರು ಎದ್ದು ಕಪಾಟು ತೆರೆದರು. ಹುಡುಕಿ, ಕೆಲಸದ ಮೇಲೆ ಹೊರಗೆ ಹೋಗುವಾಗ ತುಂಬಿಸುವ ಹೊರಸಂಚಾರದ ಪುಸ್ತಕ ತೆಗೆದು, ಧೂಳು ಊದಿ, ಪ್ರೇಮಾವತಿಯ ಎದುರು ಇಟ್ಟರು.

ಮಾಸ್ಟ್ರು: ಬರೀರಿ. ಸ್ಥಳ.

ಪ್ರೇಮಾವತಿ: ನಮ್ಮ ಮನೆ.

ಮಾಸ್ಟ್ರು: ಉದ್ದೇಶ. ಊಟ ಅಂತ ಬರೀಬೇಡಿ. ‘ಊರಿನ ಪದ್ಧತಿಯ ಪರಿಚಯ’ ಅಂತ ಹಾಕಿ. ನನ್ನ ರಜೆ ರದ್ದು. ನಿಮಗೆ ಹೇಗೂ ರಜೆ ಇಲ್ಲ. ಇಬ್ಬರೂ ಕೆಲಸದ ಮೇಲೆ.

ಪ್ರೇಮಾವತಿ: ನಾನು ಬೆಳಗ್ಗಿಂದ ಅಡುಗೆಯಲ್ಲಿ ಇರ್ತೇನೆ ಸರ್. ಐದು ಕ್ಲಾಸೂ ನೀವೇ ನೋಡ್ಬೇಕು. ಅಂಗಳದಲ್ಲಿ.

ಮಾಸ್ಟ್ರು: ಐದೂ?

ಪ್ರೇಮಾವತಿ: ಬರಹದಲ್ಲಿ ಕೊಡ್ಬೇಕಾ?

ಮಾಸ್ಟ್ರು: ಬೇಡ. ಮುಂದಿನದು ಬರೀರಿ. ಭೇಟಿ ಮಾಡುವ ವ್ಯಕ್ತಿ.

ಪ್ರೇಮಾವತಿಯ ಪೆನ್ನು ಅಲ್ಲಿ ಸ್ವಲ್ಪ ನಿಂತಿತು. ಒಂದು ವರ್ಷದಿಂದ ಆ ಹೆಸರನ್ನು ಎಷ್ಟೋ ಕಾಗದಗಳಲ್ಲಿ ಬರೆದಿದ್ದಳು. ಎಲ್ಲದರಲ್ಲೂ ಹೆಸರಿನ ಮೊದಲು ‘ದಿವಂಗತ’ ಎಂದು ಸೇರಿಸಬೇಕಿತ್ತು. ಇಲ್ಲಿ ಅದಕ್ಕೆ ಜಾಗ ಸಾಲುವಂತಿರಲಿಲ್ಲ. ಧರ್ಮಪಾಲ ಎಂದಷ್ಟೇ ಬರೆದಳು.

ಮಾಸ್ಟ್ರು ಕನ್ನಡಕ ಸರಿ ಮಾಡಿ ಓದಿದರು. ಏನೂ ತಿದ್ದಲಿಲ್ಲ.

ಮಾಸ್ಟ್ರು: ಕೊನೆಯ ಕಾಲಮ್ಮಿನಲ್ಲಿ ಅವರ ಸಹಿ ಬೇಕು. ಇಲ್ಲದಿದ್ರೆ ಭೇಟಿ ಆದದ್ದಕ್ಕೆ ಆಧಾರ ಇಲ್ಲ.

ಪ್ರೇಮಾವತಿ: ಹನ್ನೆರಡೂವರೆಗೆ ಬಡಿಸಿ ಬಾಗಿಲು ಹಾಕ್ತೇವೆ. ಪುಸ್ತಕ ಹಿಡ್ಕೊಂಡು ನೀವು ಒಳಗೆ ಕೂತ್ಕೊಳ್ಳಿ. ಉಂಡಾದ ಮೇಲೆ ಕೇಳಿ.

ರುಕಿಯಾ: ಹಾಗಾದ್ರೆ ಇಪ್ಪತ್ತೆರಡು ಮಕ್ಕಳಿಗೆ ಹಾಕ್ತೇನೆ.

ಅವಳು ಸೇರು ಹಿಡಿದು ಹೋದಳು. ಮಾಸ್ಟ್ರು ಆ ಖಾಲಿ ಕಾಲಮ್ಮನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿದರು.

ಮಾಸ್ಟ್ರು: ಸಹಿ ಬೇಡ ಟೀಚರ್. ಧರ್ಮಪಾಲ ಅಲ್ವಾ. ಅವರು ಬಾಯಲ್ಲಿ ಹೇಳಿದ್ರೆ ಸಾಕು.