ಖಾಯ್ ಮಾಡಿದ ಬೋಣಿ

ಎಲ್ಲ ಅನಾಹುತಕ್ಕೂ ಕಾರಣ ಒಂದು ಫೋನು. ಅದು ಸ್ವಲ್ಪ ತಡವಾಗಿ ಬಂದಿದ್ದರೆ ಖಾಯ್ ಇವತ್ತಿಗೂ ನೆಮ್ಮದಿಯಿಂದ ತಿಂಡಿ ತಿನ್ನುತ್ತಿದ್ದ.

ಸೈಗಾನಿನ ಆ ಗಲ್ಲಿಯ ಬಾಯಲ್ಲೇ ಲಿಯೂ ಅಕ್ಕನ ಬಾನ್‌ಮೀ ಗಾಡಿ. ಬೇಕರಿಯಿಂದ ಬಂದ ಬಿಸಿ ಬ್ರೆಡ್ಡನ್ನು ಕೆಂಡದ ಮೇಲೆ ಗರಿಗರಿ ಮಾಡಿ, ಉದ್ದಕ್ಕೆ ಸೀಳಿ, ಲಿವರ್ ಗೊಜ್ಜು ಸವರಿ, ಮೊಟ್ಟೆ, ಹುಳಿ ಹಾಕಿದ ಮೂಲಂಗಿ, ಹಸಿಮೆಣಸಿನಕಾಯಿ ತುಂಬಿ ಕೊಡುತ್ತಾಳೆ. ಟೈಲ್ಸ್ ಅಂಗಡಿಯ ಗುಮಾಸ್ತ ಖಾಯ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ದಿನದಲ್ಲಿ ಸುಖ ಅನ್ನುವುದು ಆ ಒಂದು ಬಾನ್‌ಮೀ. ಮಿಕ್ಕಿದ್ದೆಲ್ಲ ಯಜಮಾನನ ಬೈಗುಳ.

ಅವತ್ತು ಮೊದಲ ಗಿರಾಕಿ ಅವನೇ. ಅಕ್ಕ ಬಾಣಲೆಗೆ ಮೊಟ್ಟೆ ಒಡೆದಿದ್ದಳಷ್ಟೆ, ಫೋನು ಬಡಿದುಕೊಂಡಿತು.

"ಬೀಗದ ಕೈ ನಿನ್ನ ಜೇಬಲ್ಲಿದೆ, ನಾನು ಬೀದೀಲಿದೀನಿ!" ಯಜಮಾನ ಅರಚಿದ. "ಬರ್ತೀಯೋ, ಬಾಗಿಲು ಒಡೆಸ್ಲೋ?"

"ಅಕ್ಕಾ, ಬೇಡ ಬಿಡು!" ಎಂದು ಖಾಯ್ ಓಡಿದ.

ಅರ್ಧ ದಾರಿಯಲ್ಲಿ ತಾನೇನು ಮಾಡಿದೆನೆಂದು ಹೊಳೆದು ಅವನು ಹಣೆ ಚಚ್ಚಿಕೊಂಡ. ಬೋಣಿ ಗಿರಾಕಿ ಬೇಡ ಎಂದು ಬೆನ್ನು ತಿರುಗಿಸುವುದೇ! ಹೆತ್ತ ತಾಯಿ ಮಾಡಿದರೂ ಈ ಊರಿನ ವ್ಯಾಪಾರದವರು ಕ್ಷಮಿಸುವುದಿಲ್ಲ.

ಬಾಗಿಲು ತೆಗೆದುಕೊಟ್ಟು, ಬೈಸಿಕೊಂಡು, ತಿಂಡಿಗೆಂದು ಕೈಮುಗಿದು ಬಿಡುವು ಕೇಳಿ ವಾಪಸು ಓಡಿಬಂದ. ಲಿಯೂ ಅಕ್ಕ ಹಳೇ ಪೇಪರಿಗೆ ಬೆಂಕಿ ಹಚ್ಚಿ, ಏನೋ ಮಣಮಣಿಸುತ್ತ ಗಾಡಿಯ ಸುತ್ತ ನಿವಾಳಿಸುತ್ತಿದ್ದಳು.

"ಅಕ್ಕಾ, ಸೊಳ್ಳೆ ಜಾಸ್ತಿ ಆಯ್ತಾ?" ಎಂದು ಹಲ್ಲುಕಿರಿದ.

"ಸೊಳ್ಳೆಗಲ್ಲ, ನಿನಗೆ! ನೀನು ಹೋದ ಮೇಲೆ ಒಂದು ನರಪಿಳ್ಳೆ ಬಂದಿಲ್ಲ. ಗೊಜ್ಜಿನ ಪಾತ್ರೆ ಕೈಜಾರಿ ಅರ್ಧ ಚೆಲ್ತು. ಬೆಕ್ಕಿಗೆ ಹಬ್ಬ. ಎಷ್ಟು ಭಾರ ಕಾಲ್ಗುಣಾನಯ್ಯ ನಿಂದು, ಕಾಲಿಟ್ಟ ಕಡೆ ವ್ಯಾಪಾರ ಮುಳುಗುತ್ತೆ!"

"ಈಗ ಎರಡು ಕಟ್ಟಿಸ್ಕೋತೀನಿ, ಅಕ್ಕಾ."

"ಹತ್ತಿರ ಬಂದ್ಯೋ, ಈ ಪೇಪರ್ ನಿನ್ನ ತಲೆ ಮೇಲೆ!"

ಎದುರಿನ ಕಾಫಿ ಅಂಗಡಿಯ ಮೋಟು ಕುರ್ಚಿಯಿಂದ ತಾಮ್ ಮಾಮ ಎದ್ದ. ಗಲ್ಲಿಯಲ್ಲಿ ಯಾರೂ ಕೇಳದ ತೀರ್ಪುಗಳನ್ನೆಲ್ಲ ಕೊಡುವವನು ಅವನೇ. "ನನಗೆ ಮೊದಲೇ ಅನುಮಾನ ಇತ್ತು. ಇವನು ನಮ್ಮ ಮನೆ ಮದುವೆಗೆ ಬಂದ ದಿನಾನೇ ಲೌಡ್‌ಸ್ಪೀಕರ್ ಸುಟ್ಟುಹೋಗಿದ್ದು."

ದರ್ಜಿ ಫೂಂಗ್ ಕಿಟಕಿಯಿಂದ ಕತ್ತು ಚಾಚಿದಳು. "ಇವನ ಪ್ಯಾಂಟು ಹೊಲೀವಾಗ ನನ್ನ ಮಿಷಿನ್ ಸೂಜಿ ಮುರೀತು ಮಾಮ. ನಾನು ಪಾಪ ಅಂತ ಬಾಯಿಬಿಟ್ಟಿರ್ಲಿಲ್ಲ."

"ಮತ್ತೆ ನನಗೆ ತಿಂಡಿ?" ಎಂದ ಖಾಯ್. ಅವನ ಹೊಟ್ಟೆ ಕೆಟ್ಟ ಮೋಟಾರಿನಂತೆ ಗುರುಗುಟ್ಟಿತು.

"ಮೊದಲು ಶುದ್ಧಿ, ಆಮೇಲೆ ತಿಂಡಿ. ಬೆಂಕಿ ದಾಟು. ಗಂಡಸಿಗೆ ಏಳು ಸಲ," ಎಂದ ತಾಮ್ ಮಾಮ.

"ಇವನ ಭಾರಕ್ಕೆ ಏಳು ಎಲ್ಲಿ ಸಾಕು ಮಾಮ? ಹೆಂಗಸರ ಲೆಕ್ಕ ಹಾಕಿ, ಒಂಬತ್ತು," ಎಂದಳು ಫೂಂಗ್.

ನಡುಬೀದಿಯಲ್ಲಿ ಪೇಪರು ಉರಿಯಿತು. ಖಾಲಿ ಹೊಟ್ಟೆಯ ಖಾಯ್ ಮುದಿ ಕಪ್ಪೆಯಂತೆ ಹಾರಿದ. ಕೊನೆಯ ನೆಗೆತಕ್ಕೆ ಕಾಲು ಸೋತಿತು, ಪ್ಯಾಂಟಿನ ಅಂಚು ಹೊತ್ತಿಕೊಂಡಿತು. ಕಾಫಿಯವನು ಐಸ್ ನೀರು ಎರಚಿದ.

"ನೋಡಿದ್ರಾ? ಬೆಂಕಿಗೂ ಇವನು ಬೇಡ," ಎಂದ ತಾಮ್ ಮಾಮ.

ಲಿಯೂ ಅಕ್ಕ ಮಾತ್ರ ಅವನನ್ನೇ ದಿಟ್ಟಿಸುತ್ತಿದ್ದಳು. ಅವಳ ಮುಖ ನಿಧಾನವಾಗಿ ಅರಳಿತು. ಒಂದು ಬ್ರೆಡ್ಡು ಸೀಳಿ, ಕೈಬಿಚ್ಚಿ ತುಂಬಿ, ಪೇಪರಿನಲ್ಲಿ ಸುತ್ತಿ ಅವನ ಮೂಗಿನ ಹತ್ತಿರ ತಂದಳು. ಖಾಯ್‌ನ ಕಣ್ಣಲ್ಲಿ ನೀರು ಬಂತು.

"ತಮ್ಮಾ, ಇದು ನಿಂದೇ. ಒಂದು ಸಣ್ಣ ಕೆಲಸ. ಆ ತುದೀಲಿ ದಾತ್ ಅಂತ ಹುಡುಗ ಹೊಸ ಗಾಡಿ ಇಟ್ಟು ನನ್ನ ಹೊಟ್ಟೆ ಮೇಲೆ ಹೊಡೀತಿದಾನಲ್ಲ, ಈಗ ತಾನೇ ತೆರೀತಿದಾನೆ. ಹೋಗಿ ಅವನಿಗೆ ಬೋಣಿ ಮಾಡು."

"ಪಾಪ, ಬದುಕೋ ಹುಡುಗ ಅಕ್ಕಾ..."

"ನಾನು ಬದುಕೋದು ಬೇಡ್ವಾ?"

ನಾಚಿಕೆ ಒಂದು ಕಡೆ, ಆ ಘಮ ಒಂದು ಕಡೆ. ಖಾಯ್ ಹೊರಟ. ದಾತ್ ಮುಳುಗುವುದನ್ನು ಕಣ್ಣಾರೆ ನೋಡಬೇಕೆಂದು ಅಕ್ಕ ಗಾಡಿಗೆ ಟಾರ್ಪಾಲು ಮುಚ್ಚಿ, ಬಾನ್‌ಮೀ ಹಿಡಿದೇ ಹಿಂದೆ ಹೊರಟಳು. ಅವಳ ಹಿಂದೆ ತಾಮ್ ಮಾಮ, ಫೂಂಗ್, ಕಾಫಿಯವನು. ಎಲ್ಲರೂ ನಿಂತ ಬೈಕುಗಳ ಹಿಂದೆ ಅಡಗಿ ಕುಳಿತರು.

"ಬಾ ಅಣ್ಣಾ! ನೀನೇ ಬೋಣಿ!" ದಾತ್ ಮುಖವೆಲ್ಲ ಹಲ್ಲಾಗಿ ಬಾನ್‌ಮೀ ಕಟ್ಟಿಕೊಟ್ಟ. ಅಕ್ಕನ ಬಾನ್‌ಮೀಗೆಂದು ಹಸಿವು ಉಳಿಸಿಕೊಂಡ ಖಾಯ್ ಪೊಟ್ಟಣ ಬಿಚ್ಚದೆ ಪಕ್ಕಕ್ಕೆ ಸರಿದು ನಿಂತ.

ಆಗ ಬೈಕ್ ಟ್ಯಾಕ್ಸಿಯವನೊಬ್ಬ ಬಂದ. ಅವನ ಹಿಂದೆ ಇಬ್ಬರು ಟೀಚರು. ಕಟ್ಟಡ ಕೆಲಸದವರ ಗುಂಪು. ನೋಡನೋಡುತ್ತ ಸಾಲು ಗಲ್ಲಿಯ ಅರ್ಧಕ್ಕೆ ಬೆಳೆಯಿತು. ದಾತ್‌ನ ಚಾಕುವಿಗೆ ಪುರುಸೊತ್ತೇ ಸಿಗಲಿಲ್ಲ. ಬ್ರೆಡ್ಡಿನ ಬುಟ್ಟಿಯ ತಳ ಕಂಡಿತು.

ಖಾಯ್ ಆ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲ ಪರಿಚಯದವರು. ದಿನಾ ತನ್ನ ಜೊತೆ ಅಕ್ಕನ ಗಾಡಿ ಮುಂದೆ ನಿಲ್ಲುವವರು! ಬೈಕುಗಳತ್ತ ಓಡಿದ.

"ಅಕ್ಕಾ, ಇವರೆಲ್ಲ ನಿನ್ನ ಗಿರಾಕಿಗಳು! ನೀನು ಟಾರ್ಪಾಲು ಮುಚ್ಚಿ ಬಂದಿದ್ದಕ್ಕೆ ಇಲ್ಲಿಗೆ ಬಂದಿದಾರೆ! ಇದರಲ್ಲಿ ನನ್ನ ಕಾಲ್ಗುಣ ಏನೂ ಇಲ್ಲ!"

"ಓಹೋ! ನನ್ನ ಗಾಡಿಗೆ ಕಲ್ಲುಗುಂಡು, ಅವನ ಗಾಡಿಗೆ ಹತ್ತಿ! ಬೇಕಂತಲೇ ಮಾಡಿದೀಯ."

"ಹೋಗಿ ಟಾರ್ಪಾಲು ತೆಗಿ ಅಕ್ಕಾ, ಈಗಲೂ ಬರ್ತಾರೆ..."

"ಬಾಯ್ಮುಚ್ಚು! ಇನ್ಮೇಲೆ ನನ್ನ ಗಾಡಿ ನೆರಳೂ ತುಳೀಬೇಡ." ಹೇಳುತ್ತಲೇ ಅಕ್ಕ ಕೈಯಲ್ಲಿದ್ದ ಬಾನ್‌ಮೀಯನ್ನು ಬಿಚ್ಚಿ, ಅವನ ಕಣ್ಣೆದುರೇ ಕರಕ್ಕನೆ ಕಚ್ಚಿದಳು. ಆ ಸದ್ದು ಖಾಯ್‌ನ ಎದೆಯೊಳಗೆ ಕೇಳಿಸಿತು.

ಅಷ್ಟರಲ್ಲಿ ದಾತ್ ಬಂದು ತಬ್ಬಿಕೊಂಡ. "ಅಣ್ಣಾ, ದೇವರು ಕಣೋ ನೀನು! ಗಾಡಿ ಇಟ್ಟಾಗಿಂದ ಒಂದು ದಿನವೂ ಬುಟ್ಟಿ ಖಾಲಿ ಆಗಿರ್ಲಿಲ್ಲ. ನಾಳೆಯಿಂದ ದಿನಾ ನೀನೇ ಬೋಣಿ!"

ತಾಮ್ ಮಾಮ ಬೈಕಿನ ಹಿಂದಿನಿಂದ ಎದ್ದು ಮಂಡಿ ಒರೆಸಿಕೊಂಡು ತೀರ್ಪು ಕೊಟ್ಟ: "ನೋಡಯ್ಯ, ಕೈ ಹತ್ತಿದ ಬೋಣಿ ಗಿರಾಕಿ ಒಂದು ದಿನ ತಪ್ಪಿಸಿದರೂ ಅಂಗಡಿ ಮುಳುಗುತ್ತೆ. ಈ ಹುಡುಗನ ಹೆಂಡತಿ ಬಸುರಿ. ಆ ಪಾಪ ನಿನಗೆ ಬೇಡ. ಬೆಳಕು ಹರಿಯೋ ಮೊದಲೇ ಇಲ್ಲಿರು. ನಾನೇ ಬಾಗಿಲು ಬಡಿದು ಎಬ್ಬಿಸ್ತೀನಿ."

ಎಲ್ಲರೂ ಹೌದೆಂದರು. ಹೋಗಲಿ, ಎಲ್ಲಿಯದಾದರೂ ಬಾನ್‌ಮೀ ಬಾನ್‌ಮೀಯೇ ಎಂದು ಸಮಾಧಾನ ತಂದುಕೊಂಡು ಖಾಯ್ ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ ಕಚ್ಚಿದ.

ಬ್ರೆಡ್ಡು ಒದ್ದೆ ಹತ್ತಿ. ಗೊಜ್ಜು ಪಾಯಸದ ಸಿಹಿ. ಮೂಲಂಗಿಯಲ್ಲಿ ಸೋಪಿನ ವಾಸನೆ. ಈ ಬುಟ್ಟಿ ಯಾಕೆ ಯಾವತ್ತೂ ಖಾಲಿಯಾಗಿರಲಿಲ್ಲ ಎಂಬುದು ಖಾಯ್‌ಗೆ ಒಂದೇ ತುತ್ತಿಗೆ ತಿಳಿಯಿತು. ನುಂಗಲಾಗಲಿಲ್ಲ. ಉಗುಳೋಣವೆಂದರೆ ಬೋಣಿ ತುತ್ತು. ಇಡೀ ಗಲ್ಲಿ ನೋಡುತ್ತಿತ್ತು.

"ಹೆಂಗಿದೆ ಅಣ್ಣಾ?" ದಾತ್ ಕಣ್ಣರಳಿಸಿ ಕೇಳಿದ.

ಖಾಯ್ ಕಣ್ಣುಮುಚ್ಚಿ ತಲೆಯಾಡಿಸಿದ. ರೆಪ್ಪೆಯಡಿಯಿಂದ ಎರಡು ಹನಿ ಇಳಿದವು.

"ನೋಡಿ, ನೋಡಿ, ಖುಷಿಗೆ ಅಳು ಬಂದ್ಬಿಡ್ತು!" ದಾತ್ ಕುಣಿದಾಡಿದ. "ನಾಳೆಯಿಂದ ನಿನಗೆ ಅಂತಲೇ ಗೊಜ್ಜು ಡಬಲ್ ಹಾಕ್ತೀನಿ!"